ಇಂಟರ್ನೆಟ್ ಸಂಪರ್ಕ ಬಿಟ್ಟಾಗ ಬರುವ ರದ್ದತಿ ಶುಲ್ಕ: ಪ್ರಶ್ನಿಸುವ ಕ್ರಮ

ಮನೆಯ ಬ್ರಾಡ್‌ಬ್ಯಾಂಡ್ ಸಂಪರ್ಕ ಬೇಡವೆಂದು ತಿಳಿಸಿದ ಮೇಲೆ ಕಂಪನಿ ಕೇಳುವ ಹೆಚ್ಚುವರಿ ಹಣವೇ ರದ್ದತಿ ಶುಲ್ಕ. ಬಾಡಿಗೆ ಮನೆ ಬದಲಾಯಿಸುವವರು, ಕೆಲಸ ಬಿಟ್ಟು ಊರಿಗೆ ಮರಳುವವರು, ಓದು ಮುಗಿಸಿ ಪಿಜಿ ಖಾಲಿ ಮಾಡುವ ವಿದ್ಯಾರ್ಥಿಗಳು ಇದಕ್ಕೆ ಹೆಚ್ಚಾಗಿ ಸಿಕ್ಕಿಬೀಳುತ್ತಾರೆ. ಸಂಪರ್ಕ ಕೊಡುವಾಗ "ರೂಟರ್ ಫ್ರೀ, ಇನ್‌ಸ್ಟಲೇಷನ್ ಫ್ರೀ" ಎಂದವರು ಬಿಡುವಾಗ ಅವೆರಡಕ್ಕೂ ಬಿಲ್ ಕಳಿಸುತ್ತಾರೆ. ಮೊತ್ತ ಸಾಮಾನ್ಯವಾಗಿ ಒಂದೆರಡು ಸಾವಿರ ರೂಪಾಯಿ. ಅಷ್ಟಕ್ಕಾಗಿ ಯಾರು ಅಲೆಯುತ್ತಾರೆ ಎಂದುಕೊಂಡು ಬಹಳಷ್ಟು ಜನ ಕಟ್ಟಿ ಸುಮ್ಮನಾಗುತ್ತಾರೆ. ಆದರೆ ಭಾರತದ ಕಾನೂನಿನಲ್ಲಿ ಕರಾರಿನಲ್ಲಿ ಬರೆದ ದಂಡದ ಮೊತ್ತ ತಾನಾಗಿಯೇ ಸಾಲವಾಗಿಬಿಡುವುದಿಲ್ಲ. ಅದನ್ನು ಲೆಕ್ಕ ಸಮೇತ ಸಮರ್ಥಿಸಬೇಕಾದ ಹೊಣೆ ಕೇಳುವವರ ಮೇಲಿದೆ. ಹಾಗೆ ಸಮರ್ಥಿಸಲಾಗದ ಶುಲ್ಕವನ್ನು ಪ್ರಶ್ನಿಸಲು ಮನೆಯಿಂದಲೇ ಹಿಡಿಯಬಹುದಾದ, ಖರ್ಚು ಕಡಿಮೆಯ ದಾರಿಗಳಿವೆ.

ಶುಲ್ಕ ಬರುವ ಹೆಸರುಗಳು

ಒಂದೇ ಹಣ ಬೇರೆ ಬೇರೆ ಹೆಸರಿನಲ್ಲಿ ಬರುವುದರಿಂದ ಮೊದಲು ಅದು ಯಾವ ಬಗೆಯದು ಎಂದು ಗುರುತಿಸಬೇಕು.

ಮೊದಲನೆಯದು ಲಾಕ್-ಇನ್ ಶುಲ್ಕ. ಆರು ತಿಂಗಳೋ ವರ್ಷವೋ ಸಂಪರ್ಕ ಇಟ್ಟುಕೊಳ್ಳಬೇಕೆಂಬ ಷರತ್ತಿದ್ದು, ಅದಕ್ಕೂ ಮೊದಲೇ ಬಿಟ್ಟರೆ ಇದನ್ನು ಹಾಕುತ್ತಾರೆ. ಎರಡನೆಯದು ಮನ್ನಾ ಮಾಡಿದ್ದ ಇನ್‌ಸ್ಟಲೇಷನ್ ವೆಚ್ಚವನ್ನು ಮರಳಿ ಕೇಳುವುದು. ಮೂರನೆಯದು ಉಪಕರಣದ ಬೆಲೆ. ಮನೆಯೊಳಗಿನ ರೂಟರ್, ಫೈಬರ್ ಬಂದು ಸೇರುವ ಒಎನ್‌ಟಿ ಪೆಟ್ಟಿಗೆ, ಅವುಗಳ ಅಡಾಪ್ಟರ್ ಹೆಚ್ಚಿನ ಯೋಜನೆಗಳಲ್ಲಿ ಕಂಪನಿಯ ಸ್ವತ್ತಾಗಿಯೇ ಉಳಿಯುತ್ತವೆ. ಅವು ವಾಪಸ್ ಬಂದಿಲ್ಲವೆಂದು ಪೂರ್ತಿ ಬೆಲೆ ಕೇಳುತ್ತಾರೆ. ನಾಲ್ಕನೆಯದು ನೋಟಿಸ್ ಅವಧಿಯ ಬಾಡಿಗೆ. ರದ್ದತಿ ಕೋರಿದ ದಿನದಿಂದ ಮುಂದಿನ ಬಿಲ್ಲಿನ ಚಕ್ರ ಮುಗಿಯುವವರೆಗೆ ಹಣ ಕಟ್ಟಬೇಕೆಂಬ ವಾದ ಇದರದ್ದು. ಐದನೆಯದು ರಿಯಾಯಿತಿಯ ವಾಪಸಾತಿ. ವರ್ಷದ ಹಣ ಒಟ್ಟಿಗೆ ಕಟ್ಟಿದ್ದಕ್ಕೆ ಕೊಟ್ಟ ರಿಯಾಯಿತಿಯನ್ನು ಹಿಂದೆಗೆದುಕೊಂಡು, ಬಳಸಿದ ತಿಂಗಳುಗಳನ್ನು ತಿಂಗಳ ದರದಲ್ಲಿ ಲೆಕ್ಕ ಹಾಕುತ್ತಾರೆ.

ಇವುಗಳಲ್ಲಿ ಕೆಲವು ನ್ಯಾಯವಾದವೇ. ವಾಪಸ್ ಕೊಡದ ರೂಟರ್‌ಗೆ ಬೆಲೆ ಕೇಳುವುದು ತಪ್ಪಲ್ಲ. ಕೊಟ್ಟ ರೂಟರ್‌ಗೂ ಬೆಲೆ ಕೇಳುವುದು ತಪ್ಪು. ಬಿಲ್ಲಿನಲ್ಲಿ "ಇತರೆ ಶುಲ್ಕ" ಎಂದು ಒಂದೇ ಸಾಲಿದ್ದರೆ ಅದರಲ್ಲಿ ಯಾವುದು ಎಷ್ಟು ಎಂದು ತಿಳಿಯುವುದಿಲ್ಲ. ಆದ್ದರಿಂದ ಮೊತ್ತವನ್ನು ಬಾಬುವಾರು ಬಿಡಿಸಿ ತೋರಿಸುವಂತೆ ಲಿಖಿತವಾಗಿ ಕೇಳುವುದೇ ಯಾವ ತಕರಾರಿಗೂ ಮೊದಲ ಹೆಜ್ಜೆ.

ಒಪ್ಪಂದದಲ್ಲಿ ಹುಡುಕಬೇಕಾದದ್ದು

ಸಂಪರ್ಕ ಪಡೆಯುವಾಗ ತುಂಬಿದ ಅರ್ಜಿ, ಆಗ ಬಂದ ಇಮೇಲ್ ಮತ್ತು ಎಸ್‌ಎಂಎಸ್, ಆ್ಯಪ್‌ನಲ್ಲಿರುವ ಯೋಜನೆಯ ವಿವರ, ಕಂಪನಿ ಪ್ರಕಟಿಸಿರುವ ಷರತ್ತುಗಳು ಎಲ್ಲವೂ ಸೇರಿ ಒಪ್ಪಂದವಾಗುತ್ತದೆ. ಅದರಲ್ಲಿ ನಾಲ್ಕು ಸಂಗತಿ ಹುಡುಕಬೇಕು. ಲಾಕ್-ಇನ್ ಅವಧಿ ಇದೆಯೇ, ಇದ್ದರೆ ಎಂದಿನಿಂದ ಎಂದಿನವರೆಗೆ? ಬೇಗ ಬಿಟ್ಟರೆ ಕಟ್ಟಬೇಕಾದ ಮೊತ್ತವನ್ನು ಅಂಕಿಯಲ್ಲಿ ಹೇಳಿದ್ದಾರೆಯೇ? ಉಪಕರಣ ಯಾರದು, ಹೇಗೆ ಮರಳಿಸಬೇಕು? ನೋಟಿಸ್ ಎಷ್ಟು ದಿನದ್ದು?

ಗ್ರಾಹಕರ ಕೈಲಿರುವ ಯಾವ ಕಾಗದದಲ್ಲೂ ಈ ಶುಲ್ಕದ ಪ್ರಸ್ತಾಪ ಇಲ್ಲದಿದ್ದರೆ ಕಂಪನಿಯ ಬೇಡಿಕೆಗೆ ಬುಡವೇ ಇರುವುದಿಲ್ಲ. ಗ್ರಾಹಕರು ಒಪ್ಪಿಗೆ ಕೊಟ್ಟ ದಿನದ ದಾಖಲೆಯನ್ನು ಕಂಪನಿಯೇ ತೋರಿಸಬೇಕು. ಷರತ್ತುಗಳು ಆಮೇಲೆ ಬದಲಾಗಿದ್ದರೆ ಇಂದಿನ ಆವೃತ್ತಿಯನ್ನು ಹಳೆಯ ಸಂಪರ್ಕಕ್ಕೆ ಹಚ್ಚುವಂತಿಲ್ಲ. ಸೇರಿದ ದಿನ ಜಾರಿಯಲ್ಲಿದ್ದ ಆವೃತ್ತಿಯನ್ನು ಕೇಳಿ ಪಡೆಯಬೇಕು. ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2012ರಲ್ಲಿ ಹೊರಡಿಸಿದ ದೂರು ಪರಿಹಾರ ನಿಯಮಗಳ ಪ್ರಕಾರ ಸೇವಾ ಕಂಪನಿಗಳು ಗ್ರಾಹಕ ಸನ್ನದು ಪ್ರಕಟಿಸಬೇಕು. ಸೇವೆ ಕೊನೆಗೊಳಿಸುವ ವಿಧಾನವೂ ಅದರಲ್ಲಿರಬೇಕು. ಕಾಲ್ ಸೆಂಟರ್‌ನ ಮಾತಿಗೂ ಸನ್ನದಿನ ಬರಹಕ್ಕೂ ತಾಳೆಯಾಗದಿದ್ದರೆ ಆ ವ್ಯತ್ಯಾಸವೇ ದೂರಿನ ಒಂದು ಅಂಶ.

ಯಾರು ಮೊದಲು ಒಪ್ಪಂದ ಮುರಿದರು ಎಂಬುದೂ ಮುಖ್ಯ. ನೂರು ಎಂಬಿಪಿಎಸ್ ಎಂದು ಹೇಳಿ ವಾರಗಟ್ಟಲೆ ಹತ್ತು ಕೊಟ್ಟಿದ್ದರೆ, ಫೈಬರ್ ತುಂಡಾಗಿ ದಿನಗಟ್ಟಲೆ ರಿಪೇರಿಯಾಗದಿದ್ದರೆ, ಗ್ರಾಹಕರು ಬಿಟ್ಟುಹೋಗಲು ಕಂಪನಿಯೇ ಕಾರಣ. ಹೊಸ ಮನೆಗೆ ಸಂಪರ್ಕ ವರ್ಗಾಯಿಸಲು ಕೇಳಿದಾಗ "ನಿಮ್ಮ ಏರಿಯಾ ಫೀಸಿಬಲ್ ಇಲ್ಲ" ಎಂಬ ಉತ್ತರ ಬಂದಿದ್ದರೆ, ಸೇವೆ ಮುಂದುವರಿಸಲು ಗ್ರಾಹಕರು ಸಿದ್ಧರಿದ್ದರು, ಕಂಪನಿಗೆ ಆಗಲಿಲ್ಲ ಎಂದಾಯಿತು. ಆ ಉತ್ತರವನ್ನು ಇಮೇಲ್ ಅಥವಾ ಚಾಟ್‌ನಲ್ಲಿ ಪಡೆದಿಟ್ಟುಕೊಂಡವರ ಕೈ ಮೇಲಾಗಿರುತ್ತದೆ.

ಕಾನೂನು ಏನು ಹೇಳುತ್ತದೆ

ಭಾರತೀಯ ಕರಾರು ಅಧಿನಿಯಮ 1872ರ 74ನೇ ಕಲಮು ಈ ವಿಷಯದ ಅಡಿಪಾಯ. ಕರಾರು ಮುರಿದರೆ ಇಷ್ಟು ಹಣ ಎಂದು ಬರೆದಿದ್ದರೂ, ನೊಂದ ಪಕ್ಷಕ್ಕೆ ಸಿಗುವುದು ಸಮಂಜಸ ಪರಿಹಾರ ಮಾತ್ರ. ಬರೆದ ಮೊತ್ತ ಅದಕ್ಕೆ ಗರಿಷ್ಠ ಮಿತಿ. ಸುಪ್ರೀಂ ಕೋರ್ಟ್ 1963ರ ಫತೇಚಂದ್ ವಿರುದ್ಧ ಬಾಲಕಿಷನ್ ದಾಸ್ ಪ್ರಕರಣದಲ್ಲಿ ಈ ತತ್ವವನ್ನು ಬಿಡಿಸಿ ಹೇಳಿತು. 2015ರ ಕೈಲಾಶ್ ನಾಥ್ ಅಸೋಸಿಯೇಟ್ಸ್ ತೀರ್ಪಿನಲ್ಲಿ, ನಷ್ಟವೇ ಆಗದಿದ್ದಲ್ಲಿ ಪರಿಹಾರವೂ ಇಲ್ಲ ಎಂಬುದನ್ನು ಇನ್ನಷ್ಟು ಖಚಿತಪಡಿಸಿತು. ನಷ್ಟವನ್ನು ಅಳೆದು ತೋರಿಸುವುದು ಸಾಧ್ಯವೇ ಇಲ್ಲದ ಪ್ರಕರಣಗಳಲ್ಲಿ ಮಾತ್ರ ಮೊದಲೇ ನಿಗದಿಯಾದ ಮೊತ್ತಕ್ಕೆ, ಅದು ನಿಜವಾದ ಅಂದಾಜಾಗಿದ್ದರೆ, ಬೆಲೆ ಬರುತ್ತದೆ. ರೂಟರ್‌ಗೆ ಬೆಲೆಯಿದೆ, ಇನ್‌ಸ್ಟಲೇಷನ್‌ಗೆ ಕೂಲಿಯಿದೆ. ಇವೆರಡೂ ಅಳೆಯಲಾಗದ ನಷ್ಟಗಳಲ್ಲ.

ಎರಡನೆಯ ಆಸರೆ ಗ್ರಾಹಕ ಸಂರಕ್ಷಣಾ ಅಧಿನಿಯಮ 2019. ಇದು 2020ರ ಜುಲೈನಲ್ಲಿ ಜಾರಿಗೆ ಬಂದು 1986ರ ಕಾಯ್ದೆಯ ಸ್ಥಾನ ತುಂಬಿತು. ಕಂಪನಿಗೆ ಆದ ನಷ್ಟಕ್ಕೆ ಯಾವ ಹೊಂದಿಕೆಯೂ ಇಲ್ಲದ ದಂಡ ವಿಧಿಸುವುದನ್ನು, ವಿಪರೀತ ಠೇವಣಿ ಕೇಳುವುದನ್ನು, ಗ್ರಾಹಕರನ್ನು ಇಕ್ಕಟ್ಟಿಗೆ ಸಿಲುಕಿಸುವ ಅಸಮಂಜಸ ಶುಲ್ಕ ಹೇರುವುದನ್ನು ಅದು "ಅನುಚಿತ ಕರಾರು" ಎಂಬ ವ್ಯಾಖ್ಯೆಯೊಳಗೆ ತಂದಿದೆ. "ಸೇವೆ" ಎಂಬ ಪದದ ವ್ಯಾಖ್ಯೆಯಲ್ಲಿ ದೂರಸಂಪರ್ಕವನ್ನು ಹೆಸರಿಸಿಯೇ ಸೇರಿಸಿದೆ.

ಈ ಸೇರ್ಪಡೆಗೆ ಹಿನ್ನೆಲೆಯಿದೆ. ಹಳೆಯ ಟೆಲಿಗ್ರಾಫ್ ಕಾಯ್ದೆಯಲ್ಲಿ ಮಧ್ಯಸ್ಥಿಕೆಯ ಅವಕಾಶವಿದ್ದುದರಿಂದ ದೂರವಾಣಿ ಬಿಲ್ಲಿನ ತಕರಾರು ಗ್ರಾಹಕ ವೇದಿಕೆಗೆ ಬರುವುದಿಲ್ಲ ಎಂದು 2009ರಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪಿನಲ್ಲಿ ಹೇಳಿತ್ತು. ಕಂಪನಿಗಳು ವರ್ಷಗಟ್ಟಲೆ ಅದನ್ನೇ ಗುರಾಣಿ ಮಾಡಿಕೊಂಡವು. 2022ರ ಫೆಬ್ರವರಿ 16ರಂದು ವೊಡಾಫೋನ್ ಐಡಿಯಾ ವಿರುದ್ಧ ಅಜಯ್ ಕುಮಾರ್ ಅಗರ್ವಾಲ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಗ್ರಾಹಕ ವೇದಿಕೆಗೆ ಅಧಿಕಾರವಿದೆ ಎಂದು ಸ್ಪಷ್ಟಪಡಿಸಿತು. ದೂರಸಂಪರ್ಕ ಅಧಿನಿಯಮ 2023 ಕೂಡ ಗ್ರಾಹಕ ಕಾಯ್ದೆಯಡಿ ಪರಿಹಾರ ಪಡೆಯುವ ಬಳಕೆದಾರರ ಹಕ್ಕನ್ನು ಹಾಗೆಯೇ ಉಳಿಸಿದೆ. ಈ ದೂರು ಗ್ರಾಹಕ ವೇದಿಕೆಯಲ್ಲಿ ನಡೆಯುವುದಿಲ್ಲ ಎಂಬ ಆಕ್ಷೇಪಕ್ಕೆ ಈಗ ಜಾಗವಿಲ್ಲ.

ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿಗಳೂ ನೆರವಿಗೆ ಬರುತ್ತವೆ. ಅವು ಹೆಸರಿಸಿರುವ 13 ಮೋಸದ ವಿನ್ಯಾಸಗಳಲ್ಲಿ ಎರಡು ಇಲ್ಲಿಗೆ ನೇರವಾಗಿ ಅನ್ವಯಿಸುತ್ತವೆ. ಒಂದು, ಚಂದಾ ಬಲೆ: ಸೇರುವುದು ಒಂದು ಕ್ಲಿಕ್‌ನಲ್ಲಿ, ಬಿಡುವುದು ಮಾತ್ರ ಹತ್ತು ಕರೆಗಳಲ್ಲಿ. ಇನ್ನೊಂದು, ಬೆಲೆಯ ಭಾಗವನ್ನು ಮೊದಲು ಮುಚ್ಚಿಟ್ಟು ಆಮೇಲೆ ಹೊರತೆಗೆಯುವುದು. ಆ್ಯಪ್‌ನಲ್ಲಿ ಹೊಸ ಯೋಜನೆ ಕೊಳ್ಳುವ ಗುಂಡಿ ಎದ್ದು ಕಂಡು, ರದ್ದು ಮಾಡುವ ಗುಂಡಿ ಎಲ್ಲೂ ಸಿಗದಿದ್ದರೆ ಆ ಪರದೆಯ ಸ್ಕ್ರೀನ್‌ಶಾಟ್ ಒಳ್ಳೆಯ ಸಾಕ್ಷಿ.

ನ್ಯಾಯವಾದ ಮೊತ್ತದ ಲೆಕ್ಕ

ಪೂರ್ತಿ ಮನ್ನಾ ಮಾಡಿ ಎನ್ನುವುದಕ್ಕಿಂತ, ನ್ಯಾಯವಾಗಿ ಇಷ್ಟೇ ಆಗಬೇಕು ಎಂದು ಲೆಕ್ಕ ಇಟ್ಟ ದೂರಿಗೆ ತೂಕ ಹೆಚ್ಚು. ಒಂದು ಉದಾಹರಣೆಯಲ್ಲಿ ಇದನ್ನು ನೋಡಬಹುದು.

ಬೆಂಗಳೂರಿನ ವಿಜಯನಗರದ ಒಂದು ಬಾಡಿಗೆ ಮನೆಗೆ 12 ತಿಂಗಳ ಲಾಕ್-ಇನ್ ಷರತ್ತಿನ ಸಂಪರ್ಕ ಇದೆ ಎಂದುಕೊಳ್ಳೋಣ. ರೂಟರ್‌ಗೆ 1,500 ರೂಪಾಯಿ, ಇನ್‌ಸ್ಟಲೇಷನ್‌ಗೆ 1,000 ರೂಪಾಯಿ ಮನ್ನಾ ಎಂದು ಮೊದಲ ಬಿಲ್ಲಿನಲ್ಲಿ ತೋರಿಸಿದ್ದಾರೆ. ಎಂಟು ತಿಂಗಳ ನಂತರ ಕುಟುಂಬ ವೈಟ್‌ಫೀಲ್ಡ್ ಕಡೆಗೆ ಮನೆ ಬದಲಾಯಿಸಿ ಸಂಪರ್ಕ ಬಿಡುತ್ತದೆ. ಕಂಪನಿ ಎರಡೂ ಬಾಬು ಸೇರಿಸಿ 2,500 ರೂಪಾಯಿ, ಅದರ ಮೇಲೆ ಶೇ. 18ರ ಜಿಎಸ್‌ಟಿ 450 ರೂಪಾಯಿ, ಒಟ್ಟು 2,950 ರೂಪಾಯಿ ಕೇಳುತ್ತದೆ.

ಇಲ್ಲಿ ರೂಟರ್ ವಾಪಸ್ ಹೋಗಿದ್ದು, ರಸೀದಿಯೂ ಇದ್ದರೆ 1,500 ರೂಪಾಯಿ ಕೇಳಲು ಕಾರಣವೇ ಇಲ್ಲ. ಆ ಪೆಟ್ಟಿಗೆ ಮುಂದಿನ ಗ್ರಾಹಕರ ಮನೆಗೆ ಹೋಗುತ್ತದೆ. ಇನ್‌ಸ್ಟಲೇಷನ್ ವೆಚ್ಚವನ್ನು ಕಂಪನಿ 12 ತಿಂಗಳ ಬಾಡಿಗೆಯಲ್ಲಿ ವಸೂಲಿ ಮಾಡಿಕೊಳ್ಳುವ ಲೆಕ್ಕದಲ್ಲಿತ್ತು ಎಂದುಕೊಂಡರೂ, ಎಂಟು ತಿಂಗಳ ಪಾಲು ಆಗಲೇ ಸಂದಿದೆ. ಉಳಿದದ್ದು ನಾಲ್ಕು ತಿಂಗಳ ಪಾಲು: 1,000 ರೂಪಾಯಿಯ ಮೂರನೇ ಒಂದು ಭಾಗ, ಅಂದರೆ 333 ರೂಪಾಯಿ. ಜಿಎಸ್‌ಟಿ ಸೇರಿಸಿದರೂ ಸುಮಾರು 393 ರೂಪಾಯಿ. ಮೊದಲ ತಿಂಗಳಲ್ಲಿ ಬಿಟ್ಟವರಿಗೂ ಹನ್ನೊಂದನೇ ತಿಂಗಳಲ್ಲಿ ಬಿಟ್ಟವರಿಗೂ ಒಂದೇ ಮೊತ್ತ ಹಾಕುವ ಷರತ್ತು ನಷ್ಟದ ಅಂದಾಜಲ್ಲ, ಬರೀ ದಂಡ. ದೂರಿನಲ್ಲಿ ಈ ಮಾತನ್ನು ಇಷ್ಟೇ ನೇರವಾಗಿ ಬರೆಯಬಹುದು.

ವರ್ಷದ ಹಣ ಮುಂಗಡ ಕಟ್ಟಿದವರ ಲೆಕ್ಕ ಬೇರೆ. ತಿಂಗಳ ದರ 900 ರೂಪಾಯಿ, ವರ್ಷಕ್ಕೆ ಒಟ್ಟಿಗೆ ಕಟ್ಟಿದರೆ 9,000 ರೂಪಾಯಿ ಎಂಬ ಯೋಜನೆಯಲ್ಲಿ ಏಳು ತಿಂಗಳು ಬಳಸಿ ಬಿಟ್ಟರೆ, ರಿಯಾಯಿತಿ ಹಿಂದೆಗೆದುಕೊಂಡು ತಿಂಗಳ ದರದಲ್ಲಿ 6,300 ರೂಪಾಯಿ ಹಿಡಿದುಕೊಳ್ಳುವುದನ್ನು ಒಪ್ಪಬಹುದು. ಬಾಕಿ 2,700 ರೂಪಾಯಿ ಗ್ರಾಹಕರದ್ದು. ಅದನ್ನೂ ಇಟ್ಟುಕೊಂಡು ಮೇಲೆ ರದ್ದತಿ ಶುಲ್ಕವನ್ನೂ ಕೇಳಿದರೆ ಒಂದೇ ನಷ್ಟಕ್ಕೆ ಎರಡು ಸಲ ವಸೂಲಿ ಮಾಡಿದಂತೆ.

ದಾಖಲೆ ಕೂಡಿಸುವುದು, ಆಟೋ ಡೆಬಿಟ್ ನಿಲ್ಲಿಸುವುದು

ರದ್ದತಿಯ ಕೋರಿಕೆಯನ್ನು ಫೋನಿನಲ್ಲಿ ಹೇಳಿದ್ದರೂ ಅದೇ ದಿನ ಇಮೇಲ್‌ನಲ್ಲಿ ಬರೆದು ಕಳಿಸಬೇಕು. ಯಾವ ದಿನಾಂಕದಿಂದ ಸೇವೆ ಬೇಡ ಎಂಬುದು ಅದರಲ್ಲಿ ಸ್ಪಷ್ಟವಾಗಿರಬೇಕು. ಆ ದಿನಾಂಕದ ನಂತರದ ಬಾಡಿಗೆಯ ತಕರಾರು ಈ ಒಂದು ಇಮೇಲ್‌ನಿಂದಲೇ ತೀರುತ್ತದೆ.

ಉಪಕರಣ ಕೊಡುವಾಗ ಎಚ್ಚರ ಹೆಚ್ಚು ಬೇಕು. ಟೆಕ್ನಿಷಿಯನ್ ಬಂದು ರೂಟರ್ ಬಿಚ್ಚಿ ಬ್ಯಾಗಿಗೆ ಹಾಕಿಕೊಂಡು "ಆಫೀಸಲ್ಲಿ ಅಪ್‌ಡೇಟ್ ಆಗುತ್ತೆ ಸರ್" ಎಂದು ಹೋಗುತ್ತಾರೆ. ತಿಂಗಳ ನಂತರ ಪೆಟ್ಟಿಗೆಯೇ ಬಂದಿಲ್ಲ ಎಂಬ ಬಿಲ್ ಬರುತ್ತದೆ. ಇದನ್ನು ತಪ್ಪಿಸಲು ರೂಟರ್ ಮತ್ತು ಒಎನ್‌ಟಿಯ ಹಿಂಭಾಗದ ಚೀಟಿಯಲ್ಲಿರುವ ಸೀರಿಯಲ್ ಸಂಖ್ಯೆ ಕಾಣುವಂತೆ ಫೋಟೊ ತೆಗೆಯಬೇಕು. ಅಡಾಪ್ಟರ್ ಕೂಡ ಅದೇ ಫೋಟೊದಲ್ಲಿರಲಿ. ಒಂದು ಹಾಳೆಯಲ್ಲಿ ಸೀರಿಯಲ್ ಸಂಖ್ಯೆ, ದಿನಾಂಕ, ಸಮಯ, ಒಯ್ದವರ ಹೆಸರು ಬರೆದು ಸಹಿ ಪಡೆಯಬೇಕು. ಸಹಿಗೆ ಒಪ್ಪದಿದ್ದರೆ ಅವರ ಎದುರೇ ಕಂಪನಿಯ ಸಹಾಯವಾಣಿಗೆ ಕರೆ ಮಾಡಿ ವಿಷಯ ದಾಖಲಿಸಿ, ಇಮೇಲ್‌ನಲ್ಲೂ ತಿಳಿಸಬೇಕು. ಯಾರೂ ಒಯ್ಯಲು ಬಾರದಿದ್ದರೆ, ಉಪಕರಣ ಸಿದ್ಧವಿದೆ, ಇಂಥ ದಿನದೊಳಗೆ ಒಯ್ಯಿರಿ ಎಂದು ಬರೆದು ತಿಳಿಸಿದರೆ ತಡದ ಹೊಣೆ ಕಂಪನಿಗೆ ದಾಟುತ್ತದೆ.

ಖಾತೆಯಿಂದ ಹಣ ತಾನಾಗಿಯೇ ಕಡಿತವಾಗುವ ವ್ಯವಸ್ಥೆ ಇದ್ದರೆ ಅದನ್ನು ಕೂಡಲೇ ರದ್ದು ಮಾಡಬೇಕು. ಯುಪಿಐ ಆಟೋಪೇ ಆದರೆ ಪಾವತಿ ಆ್ಯಪ್‌ನಲ್ಲೇ ರದ್ದಾಗುತ್ತದೆ. ಕಾರ್ಡ್ ಮೇಲಿನ ಮ್ಯಾಂಡೇಟ್ ಆದರೆ ಬ್ಯಾಂಕಿನ ಮೂಲಕ ರದ್ದು ಮಾಡಿಸಬಹುದು. ರಿಸರ್ವ್ ಬ್ಯಾಂಕಿನ ನಿಯಮದಂತೆ ಇಂಥ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಗ್ರಾಹಕರಿಗೆ ಸೂಚನೆ ಬರಬೇಕು, ಮ್ಯಾಂಡೇಟ್ ಹಿಂಪಡೆಯುವ ಅವಕಾಶವೂ ಇರಬೇಕು. ಒಪ್ಪಿಗೆ ಇಲ್ಲದೆ ಕ್ರೆಡಿಟ್ ಕಾರ್ಡ್‌ನಿಂದ ಹಣ ಹೋಗಿದ್ದರೆ ತಡಮಾಡದೆ ಬ್ಯಾಂಕಿನಲ್ಲಿ ಆ ವಹಿವಾಟಿನ ಮೇಲೆ ತಕರಾರು ಹಾಕಬಹುದು. ಅಂತಿಮ ಬಿಲ್ಲಿನಲ್ಲಿ ನಿಜವಾಗಿಯೂ ಬಾಕಿಯಿರುವ ಬಾಡಿಗೆಯನ್ನು ಕಟ್ಟಿ, ತಕರಾರಿನ ಮೊತ್ತವನ್ನಷ್ಟೇ ತಡೆಹಿಡಿದರೆ ಗ್ರಾಹಕರ ಪಕ್ಷ ಶುದ್ಧವಾಗಿರುತ್ತದೆ.

ಕಂಪನಿಯೊಳಗಿನ ಎರಡು ಹಂತ

ಟ್ರಾಯ್‌ನ 2012ರ ನಿಯಮಗಳು ಕಂಪನಿಯೊಳಗೇ ಎರಡು ಹಂತದ ಪರಿಹಾರ ವ್ಯವಸ್ಥೆ ಇರಬೇಕೆನ್ನುತ್ತವೆ. ಟ್ರಾಯ್ ಸ್ವತಃ ಒಬ್ಬೊಬ್ಬ ಗ್ರಾಹಕರ ದೂರನ್ನು ವಿಚಾರಿಸುವುದಿಲ್ಲವಾದ್ದರಿಂದ ಈ ಎರಡು ಹಂತ ಮುಖ್ಯ.

ಮೊದಲನೆಯದು ದೂರು ಕೇಂದ್ರ. ಇಲ್ಲಿ ದಾಖಲಾದ ಪ್ರತಿ ದೂರಿಗೂ ಡಾಕೆಟ್ ಸಂಖ್ಯೆ ಕೊಡಲೇಬೇಕು. ಕರೆಯ ಕೊನೆಯಲ್ಲಿ ಆ ಸಂಖ್ಯೆ ಕೇಳಿ ಬರೆದುಕೊಳ್ಳದಿದ್ದರೆ ದೂರು ಕೊಟ್ಟದ್ದಕ್ಕೆ ಗುರುತೇ ಉಳಿಯುವುದಿಲ್ಲ. "ನಿಮ್ಮ ರಿಕ್ವೆಸ್ಟ್ ನೋಟ್ ಮಾಡಿದ್ದೇವೆ" ಎಂಬ ಉತ್ತರ ದೂರಲ್ಲ. ಅದನ್ನು ದೂರು ಎಂದೇ ದಾಖಲಿಸುವಂತೆ ಹೇಳಬೇಕು. ಬಿಲ್ಲಿನ ದೂರು ನಿಗದಿತ ಗಡುವು ದಾಟಿ ಬಾಕಿ ಉಳಿದರೆ ಅದು ಗುಣಮಟ್ಟದ ನಿಯಮಗಳ ಉಲ್ಲಂಘನೆ. ಠೇವಣಿ ಕಟ್ಟಿದ್ದವರಿಗೆ, ಸಂಪರ್ಕ ಮುಚ್ಚಿದ ಮೇಲೆ ನಿಗದಿತ ಗಡುವು ಕಳೆದರೂ ಹಣ ಮರಳದಿದ್ದರೆ ಅದೂ ದೂರಿಗೆ ವಿಷಯ.

ದೂರು ಕೇಂದ್ರದ ಉತ್ತರ ತೃಪ್ತಿ ಕೊಡದಿದ್ದರೆ ಅಥವಾ ಗಡುವು ಕಳೆದರೂ ಉತ್ತರ ಬಾರದಿದ್ದರೆ 30 ದಿನಗಳೊಳಗೆ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬೇಕು. ಇದಕ್ಕೆ ಶುಲ್ಕವಿಲ್ಲ. ಇಮೇಲ್‌ನಲ್ಲಿ, ಅಂಚೆಯಲ್ಲಿ ಅಥವಾ ಖುದ್ದಾಗಿ ಸಲ್ಲಿಸಬಹುದು. ಪ್ರಾಧಿಕಾರಕ್ಕೆ ಸಲಹೆ ಕೊಡುವ ಸಮಿತಿಯಲ್ಲಿ ಇಬ್ಬರಿರುತ್ತಾರೆ. ಒಬ್ಬರು ಕಂಪನಿಯವರು, ಇನ್ನೊಬ್ಬರು ಟ್ರಾಯ್‌ನಲ್ಲಿ ನೋಂದಾಯಿತ ಗ್ರಾಹಕ ಸಂಸ್ಥೆಯ ಪ್ರತಿನಿಧಿ. ಮೇಲ್ಮನವಿ 39 ದಿನಗಳಲ್ಲಿ ತೀರ್ಮಾನವಾಗಬೇಕು. ಆಯಾ ಕಂಪನಿಯ ದೂರು ಕೇಂದ್ರ ಮತ್ತು ಮೇಲ್ಮನವಿ ಪ್ರಾಧಿಕಾರದ ವಿಳಾಸಗಳು ಟ್ರಾಯ್‌ನ ಗ್ರಾಹಕ ದೂರು ಪೋರ್ಟಲ್‌ನಲ್ಲಿ ಸಿಗುತ್ತವೆ. ಮೊದಲ ಹಂತದ ಡಾಕೆಟ್ ಸಂಖ್ಯೆ ಇಲ್ಲದೆ ಎರಡನೇ ಹಂತ ತೆರೆಯುವುದಿಲ್ಲ ಎಂಬುದು ನೆನಪಿರಬೇಕು.

ಬರೆಯುವ ಪತ್ರ

ದೂರು ಚಿಕ್ಕದಾಗಿದ್ದಷ್ಟೂ ಒಳ್ಳೆಯದು. ಸಿಟ್ಟಿನ ಮಾತಿಗಿಂತ ದಿನಾಂಕ ಮತ್ತು ಅಂಕಿಗಳಿಗೆ ಅಲ್ಲಿ ಕೆಲಸ ಹೆಚ್ಚು. ಕನ್ನಡದಲ್ಲೂ ಬರೆಯಬಹುದು. ಮೇಲಿನ ಉದಾಹರಣೆಗೆ ಹೊಂದುವ ಮಾದರಿ ಹೀಗಿರುತ್ತದೆ:

"ವಿಷಯ: ಗ್ರಾಹಕ ಸಂಖ್ಯೆ (ಸಂಖ್ಯೆ), ರದ್ದತಿ ಶುಲ್ಕ 2,950 ರೂಪಾಯಿಯ ಬಗ್ಗೆ ದೂರು.

ಮೇಲಿನ ಸಂಪರ್ಕವನ್ನು (ದಿನಾಂಕ)ದಿಂದ ರದ್ದು ಮಾಡುವಂತೆ (ದಿನಾಂಕ)ದಂದು ಇಮೇಲ್ ಮೂಲಕ ಕೋರಿದ್ದೇನೆ. ಹೊಸ ವಿಳಾಸಕ್ಕೆ ವರ್ಗಾಯಿಸಲು ಆಗುವುದಿಲ್ಲವೆಂದು ನಿಮ್ಮ ಸಂಸ್ಥೆ (ದಿನಾಂಕ)ದಂದು ತಿಳಿಸಿದೆ. (ಸೀರಿಯಲ್ ಸಂಖ್ಯೆ)ಯ ರೂಟರನ್ನು (ದಿನಾಂಕ)ದಂದು ನಿಮ್ಮ ಸಿಬ್ಬಂದಿಗೆ ಒಪ್ಪಿಸಿದ್ದೇನೆ, ರಸೀದಿ ಲಗತ್ತಿಸಿದೆ. ಆದರೂ ಅಂತಿಮ ಬಿಲ್ಲಿನಲ್ಲಿ 2,950 ರೂಪಾಯಿ ರದ್ದತಿ ಶುಲ್ಕ ಹಾಕಲಾಗಿದೆ.

ಇದರ ಬಾಬುವಾರು ವಿವರ, ಇದಕ್ಕೆ ನಾನು ಒಪ್ಪಿಗೆ ಕೊಟ್ಟ ದಾಖಲೆಯ ಪ್ರತಿ ಮತ್ತು ಸಂಸ್ಥೆಗೆ ಆದ ನಷ್ಟದ ಲೆಕ್ಕವನ್ನು ಕೊಡಬೇಕೆಂದು ಕೋರುತ್ತೇನೆ. ಕರಾರು ಅಧಿನಿಯಮ 1872ರ 74ನೇ ಕಲಮಿನಂತೆ ಸಮಂಜಸ ಪರಿಹಾರವನ್ನು ಮೀರಿದ ಮೊತ್ತಕ್ಕೆ ನಾನು ಹೊಣೆಯಲ್ಲ. ಶುಲ್ಕವನ್ನು ಹಿಂಪಡೆದು ಪರಿಷ್ಕೃತ ಬಿಲ್ ಮತ್ತು ಬಾಕಿ ಇಲ್ಲವೆಂಬ ಪತ್ರ ಕಳಿಸಬೇಕು. ಈ ದೂರಿನ ಡಾಕೆಟ್ ಸಂಖ್ಯೆಯನ್ನು ತಿಳಿಸಬೇಕು."

ಮೇಲ್ಮನವಿಗೂ ಇದೇ ಸಾಕು. ಹಿಂದಿನ ಡಾಕೆಟ್ ಸಂಖ್ಯೆ, ಬಂದ ಉತ್ತರ, ಆ ಉತ್ತರದಲ್ಲಿ ಯಾವ ಪ್ರಶ್ನೆ ಹಾಗೇ ಉಳಿಯಿತು ಎಂಬುದನ್ನು ಸೇರಿಸಿದರಾಯಿತು.

ಸರ್ಕಾರದ ಸಹಾಯವಾಣಿಗಳು

ಕಂಪನಿಯೊಳಗಿನ ದಾರಿ ಮುಗಿದ ಮೇಲೆ ಅಥವಾ ಅದರ ಜೊತೆಜೊತೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು. ಸಹಾಯವಾಣಿ ಆದೇಶ ಕೊಡುವ ನ್ಯಾಯಾಲಯವಲ್ಲ. ಅದು ದೂರನ್ನು ಕಂಪನಿಯ ನೋಡಲ್ ಅಧಿಕಾರಿಗೆ ಕಳಿಸಿ ಉತ್ತರ ತರಿಸುತ್ತದೆ. ಕಾಲ್ ಸೆಂಟರ್‌ನ ಆಚೆಗಿನ ಒಬ್ಬ ಜವಾಬ್ದಾರಿಯುತ ಅಧಿಕಾರಿ ಕಡತ ನೋಡುವಂತಾಗುವುದೇ ಇದರ ಲಾಭ. ಚಿಕ್ಕ ಮೊತ್ತದ ತಕರಾರು ಇಲ್ಲೇ ಮುಗಿಯುವುದೂ ಉಂಟು.

ದೂರಸಂಪರ್ಕ ಇಲಾಖೆಯ ಸಾರ್ವಜನಿಕ ಕುಂದುಕೊರತೆ ವಿಭಾಗದ ಸಂಖ್ಯೆ 1063. ಕೇಂದ್ರ ಸರ್ಕಾರದ ಸಾರ್ವಜನಿಕ ಕುಂದುಕೊರತೆ ಪೋರ್ಟಲ್‌ನಲ್ಲೂ ಇದೇ ಇಲಾಖೆಯನ್ನು ಆರಿಸಿ ದೂರು ದಾಖಲಿಸಬಹುದು. ಕಂಪನಿಯಲ್ಲಿ ಮೊದಲು ದೂರು ಕೊಟ್ಟದ್ದಕ್ಕೆ ಇಲ್ಲಿಯೂ ಡಾಕೆಟ್ ಸಂಖ್ಯೆ ಬೇಕಾಗುತ್ತದೆ.

ಗ್ರಾಹಕ ಆಯೋಗ

ಇಷ್ಟಾದರೂ ಕಂಪನಿ ಮಣಿಯದಿದ್ದರೆ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗದಲ್ಲಿ ದೂರು ಸಲ್ಲಿಸಬಹುದು. ಕೊಟ್ಟ ಹಣ 50 ಲಕ್ಷ ರೂಪಾಯಿವರೆಗಿನ ಪ್ರಕರಣಗಳು ಜಿಲ್ಲಾ ಆಯೋಗಕ್ಕೆ ಬರುತ್ತವೆ. ಐದು ಲಕ್ಷ ರೂಪಾಯಿವರೆಗೆ ದೂರಿನ ಶುಲ್ಕವೇ ಇಲ್ಲ. ಮನೆಯ ಇಂಟರ್ನೆಟ್ ತಕರಾರು ಈ ಮಿತಿ ದಾಟುವ ಪ್ರಶ್ನೆಯೇ ಬರುವುದಿಲ್ಲ. ವಕೀಲರು ಕಡ್ಡಾಯವಲ್ಲ, ಗ್ರಾಹಕರೇ ವಾದಿಸಬಹುದು.

2019ರ ಕಾಯ್ದೆ ತಂದ ದೊಡ್ಡ ಅನುಕೂಲವೆಂದರೆ, ಗ್ರಾಹಕರು ತಾವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಬೆಂಗಳೂರಿನಲ್ಲಿ ಸಂಪರ್ಕ ಬಿಟ್ಟು ಹಾವೇರಿಗೋ ಉಡುಪಿಗೋ ಮರಳಿದವರು ಅಲ್ಲಿಯ ಆಯೋಗಕ್ಕೇ ಹೋಗಬಹುದು. ಒಪ್ಪಂದದಲ್ಲಿ ಮಧ್ಯಸ್ಥಿಕೆಯ ಷರತ್ತು ಇದ್ದರೂ ಗ್ರಾಹಕ ಆಯೋಗದ ಬಾಗಿಲು ಮುಚ್ಚುವುದಿಲ್ಲ. ಎಮ್ಮಾರ್ ಎಂಜಿಎಫ್ ವಿರುದ್ಧ ಅಫ್ತಾಬ್ ಸಿಂಗ್ ಪ್ರಕರಣದಲ್ಲಿ 2018ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಆನ್‌ಲೈನ್ ಸಲ್ಲಿಕೆಗೆ 2020ರಲ್ಲಿ ಇ-ದಾಖಿಲ್ ಪೋರ್ಟಲ್ ಬಂತು. 2025ರ ಜನವರಿಯಿಂದ ಇ-ಜಾಗೃತಿ ಪೋರ್ಟಲ್ ಅದರ ಮುಂದಿನ ರೂಪವಾಗಿದೆ.

ದೂರಿನೊಂದಿಗೆ ಪ್ರಮಾಣಪತ್ರ, ಒಪ್ಪಂದದ ಪ್ರತಿ, ಬಿಲ್ಲುಗಳು, ಇಮೇಲ್‌ಗಳು, ಉಪಕರಣದ ರಸೀದಿ, ಡಾಕೆಟ್ ಸಂಖ್ಯೆಗಳ ಪಟ್ಟಿ ಇರಬೇಕು. ಅದಕ್ಕೂ ಮುನ್ನ ಸ್ಪೀಡ್ ಪೋಸ್ಟ್‌ನಲ್ಲಿ 15 ದಿನದ ಗಡುವಿನ ನೋಟಿಸ್ ಕಳಿಸುವುದು ವಾಡಿಕೆ. ಎದುರು ಪಕ್ಷಕ್ಕೆ ಉತ್ತರಿಸಲು 30 ದಿನ, ಆಯೋಗ ಒಪ್ಪಿದರೆ ಇನ್ನೂ 15 ದಿನ ಇರುತ್ತದೆ. ಅದಕ್ಕಿಂತ ಹೆಚ್ಚು ಕಾಲ ಕೊಡುವಂತಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ ಹೇಳಿದೆ. ವಸ್ತುವಿನ ಪರೀಕ್ಷೆ ಬೇಡದ ದೂರುಗಳು ಮೂರು ತಿಂಗಳಲ್ಲಿ ಮುಗಿಯಬೇಕೆಂಬುದು ಕಾಯ್ದೆಯ ಆಶಯ. ವಾಸ್ತವದಲ್ಲಿ ಇನ್ನಷ್ಟು ಸಮಯ ಹಿಡಿಯಬಹುದು. ಎರಡೂ ಕಡೆಯವರು ಒಪ್ಪಿದರೆ ಸಂಧಾನದ ಅವಕಾಶವೂ ಇದೆ.

ಮೂರು ಎಚ್ಚರಿಕೆಗಳು ಬೇಕು. ದೂರನ್ನು ತಕರಾರು ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಕೊಡಬೇಕು. ಇಡೀ ಕರಾರನ್ನೇ "ಅನುಚಿತ ಕರಾರು" ಎಂದು ಘೋಷಿಸುವ ಅಧಿಕಾರ ರಾಜ್ಯ ಮತ್ತು ರಾಷ್ಟ್ರೀಯ ಆಯೋಗಗಳಿಗೆ ಮಾತ್ರ ಇರುವುದರಿಂದ, ಜಿಲ್ಲಾ ಆಯೋಗದ ದೂರಿನಲ್ಲಿ "ಸೇವಾ ನ್ಯೂನತೆ" ಮತ್ತು "ಅನುಚಿತ ವ್ಯಾಪಾರ ಪದ್ಧತಿ" ಎಂಬ ನೆಲೆಯಲ್ಲಿ ಶುಲ್ಕವನ್ನು ಪ್ರಶ್ನಿಸಬೇಕು. ಇನ್ನೊಂದು, ವಾಣಿಜ್ಯ ಉದ್ದೇಶಕ್ಕೆ ಪಡೆದ ಸಂಪರ್ಕಕ್ಕೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಹೊಟ್ಟೆಪಾಡಿಗಾಗಿ ಸ್ವಯಂ ಉದ್ಯೋಗ ಮಾಡುವವರಿಗೆ ಮಾತ್ರ ವಿನಾಯಿತಿ ಇದೆ. ಹೊಲಿಗೆ ಅಂಗಡಿ ಅಥವಾ ಟ್ಯೂಷನ್ ತಾವೇ ನಡೆಸುವವರು ಇದನ್ನು ದೂರಿನಲ್ಲಿ ಸ್ಪಷ್ಟವಾಗಿ ಬರೆಯಬೇಕು.

ಆಯೋಗ ಹಣ ಮರಳಿಸಲು, ಬೇಡಿಕೆ ರದ್ದು ಮಾಡಲು, ಮಾನಸಿಕ ಕಿರುಕುಳಕ್ಕೆ ಪರಿಹಾರ ಮತ್ತು ದಾವೆಯ ಖರ್ಚು ಕೊಡಲು ಆದೇಶಿಸಬಹುದು.

ಸಂಪರ್ಕ ಪಡೆಯುವ ದಿನವೇ ಮಾಡಬೇಕಾದದ್ದು

ರದ್ದತಿಯ ತಕರಾರಿನ ಅರ್ಧ ಕೆಲಸ ಸಂಪರ್ಕ ಪಡೆಯುವ ದಿನ ಮುಗಿಯಬಲ್ಲದು. ಏಜೆಂಟ್ ಬಾಯಲ್ಲಿ ಹೇಳಿದ್ದನ್ನು ವಾಟ್ಸ್ಆ್ಯಪ್‌ನಲ್ಲಿ ಬರೆದು ಕಳಿಸುವಂತೆ ಕೇಳಬೇಕು. ಲಾಕ್-ಇನ್ ಎಷ್ಟು ತಿಂಗಳು, ನಡುವೆ ಬಿಟ್ಟರೆ ಎಷ್ಟು ಕಟ್ಟಬೇಕು, ಮನೆ ಬದಲಾದರೆ ಏನು, ರೂಟರ್ ಯಾರದು ಎಂಬ ನಾಲ್ಕು ಪ್ರಶ್ನೆಗೆ ಲಿಖಿತ ಉತ್ತರ ಸಾಕು. ಷರತ್ತುಗಳ ಪುಟವನ್ನು ಅದೇ ದಿನ ಪಿಡಿಎಫ್ ಮಾಡಿಟ್ಟುಕೊಳ್ಳಬೇಕು. ಬಾಡಿಗೆ ಕರಾರು 11 ತಿಂಗಳದ್ದಾಗಿದ್ದರೆ 12 ತಿಂಗಳ ಲಾಕ್-ಇನ್ ಒಪ್ಪಿಕೊಳ್ಳುವ ಮೊದಲು ಯೋಚಿಸಬೇಕು. ಆರು ತಿಂಗಳ ಯೋಜನೆಗೆ ಸ್ವಲ್ಪ ಹೆಚ್ಚು ಹಣ ಹೋದರೂ ಕೊನೆಗೆ ಅದೇ ಅಗ್ಗವಾಗಬಹುದು.

ಸಂಪರ್ಕ ಬಿಟ್ಟ ಮೇಲೆ ಶುಲ್ಕ ಮನ್ನಾ ಆದರೂ, ಕಡಿಮೆಯಾಗಿ ಕಟ್ಟಿದರೂ, "ಬಾಕಿ ಇಲ್ಲ" ಎಂಬ ಪತ್ರ ಪಡೆಯುವವರೆಗೆ ಕೆಲಸ ಮುಗಿಯುವುದಿಲ್ಲ. ಕಂಪನಿಯ ಪುಸ್ತಕದಲ್ಲಿ ಮುಚ್ಚದೆ ಉಳಿದ ಖಾತೆ ತಿಂಗಳುಗಳ ನಂತರ ವಸೂಲಿ ಏಜೆಂಟರ ಕರೆಯಾಗಿ ಮರಳಿ ಬರಬಹುದು. ಆ ಪತ್ರ, ಉಪಕರಣದ ರಸೀದಿ, ಕೊನೆಯ ಬಿಲ್ಲು ಈ ಮೂರನ್ನು ದೂರಿನ ಕಾಲಮಿತಿಯಾದ ಎರಡು ವರ್ಷ ಮುಗಿಯುವವರೆಗಾದರೂ ಜೋಪಾನವಾಗಿಡಬೇಕು.